ತೊಗರಿ ಹೊಲದ ಲೆಕ್ಕಕ್ಕೆ ಶನಿವಾರ ಲ್ಯಾಬ್ ತೆಗೆಸಿ

ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ,

ನಮಸ್ಕಾರ ಸರ್. ನಾನು ಕಲಬುರಗಿ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹೊಸ ಕಟ್ಟಡ, ಸ್ಮಾರ್ಟ್ ಬೋರ್ಡ್ ಕೇಳೋಕೆ ಬರೆದ ಪತ್ರ ಅಲ್ಲ ಇದು, ಗಾಬರಿ ಬೇಡ.

ನಮ್ಮಲ್ಲಿ ಬಿಎಸ್ಸಿ ಅಂದರೆ ಪಿಸಿಎಂ (ಭೌತ, ರಸಾಯನ, ಗಣಿತ), ಇಲ್ಲವೇ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ). ಮೂರು ವರ್ಷ ಒಂದೇ ಬಸ್ಸಿನಲ್ಲಿ ಬಂದರೂ ಇವರ ಪುಸ್ತಕ ಅವರು ತೆರೆದು ನೋಡಿರುವುದಿಲ್ಲ. ಹೋದ ವರ್ಷ ಎರಡೂ ಕಡೆಯಿಂದ ಮೂರು ಮೂರು ಮಕ್ಕಳನ್ನು ಸೇರಿಸಿ, ತೊಗರಿ ಗಿಡ ಒಣಗಿಸುವ ನೆಟೆ ರೋಗದ ಲೆಕ್ಕ ಹಿಡಿಯೋಣ ಅಂದೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಗುರುತು) ಬಂತು, ಸಂತೋಷ. ಆದರೆ ನಿಂತ ಬೆಳೆ ಒಣಗಿದ್ದನ್ನು ನೋಡದ ಮನೆ ನನ್ನ ಕ್ಲಾಸಿನಲ್ಲಿ ಇಲ್ಲ.

ಪ್ರತಿ ಭಾನುವಾರ ಒಬ್ಬ ಹುಡುಗನ ಹೊಲದಲ್ಲಿ ಸಾಲು ಹಿಡಿದು ಎಣಿಸಿದರು. ಒಣಗಿದ ಗಿಡದ ಕಾಂಡ ಸೀಳಿ, ಒಳಗೆ ಕಪ್ಪು ಗೆರೆ ಇದೆಯಾ ನೋಡಿ, ಬದುವಿನ ಮೇಲೆ ಕೂತು ಮೊಬೈಲ್‌ನಲ್ಲೇ ಗೂಗಲ್ ಶೀಟ್ ತುಂಬಿದರು. ಆರೂ ಜನರ ಕೈಯಲ್ಲಿ ಅದೇ ಶೀಟ್. ಲೆಕ್ಕ ನಡೆದಿದ್ದು ನೆಟ್‌ನಲ್ಲೇ ಪ್ರೋಗ್ರಾಂ ಬರೆದು ಓಡಿಸುವ ಗೂಗಲ್ ಕೊಲಾಬ್‌ನಲ್ಲಿ. ದುಡ್ಡು ಕೊಡಬೇಕಿಲ್ಲ, ಬ್ರೌಸರ್ ಇದ್ದರೆ ಆಯಿತು.

ಗಣಿತದ ಹುಡುಗಿ, ರೋಗ ಹೇಗೆ ಹರಡುತ್ತದೆ ಅಂತ ಈಕ್ವೇಶನ್‌ನಲ್ಲಿ ಹೇಳುವ ಎಸ್‌ಐಆರ್ ಮಾದರಿ ಹಾಕಿದಳು. (ಮತದಾರರ ಪಟ್ಟಿಯದ್ದಲ್ಲ ಸರ್.) 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅನ್ನುವ ವಿಜ್ಞಾನಿಗಳು ಇದನ್ನು ಮುಂದಿಟ್ಟಾಗ ತಾಳೆ ನೋಡಿದ್ದು ನಮ್ಮ ಮುಂಬೈನ ಪ್ಲೇಗ್ ಸಾವುಗಳ ಜತೆ. ರೋಗ ಇದ್ದವರು, ಇಲ್ಲದವರು ಬೆರೆತಷ್ಟೂ ಹರಡುತ್ತದೆ ಅನ್ನುವ ಲೆಕ್ಕ ಅದು. ಗ್ರಾಫ್ ಚೆಂದ ಬಂತು. ರಾತ್ರಿ ಹನ್ನೊಂದಕ್ಕೆ ಸಿಬಿಝಡ್ ಹುಡುಗ ಅದರ ಪಕ್ಕದಲ್ಲೇ ಕಾಮೆಂಟ್ ಹಾಕಿದ: ‘ತೊಗರಿ ಗಿಡ ಎಲ್ಲಿ ಬೆರೀತಾವ? ಫ್ಯುಸೇರಿಯಂ ಮಣ್ಣಾಗ ಇರ್ತದ, ಬೇರಿನಿಂದ ಒಳಗ ಹೋಗ್ತದ.’ ಅವಳು ಎಲ್ಲ ಅಳಿಸಿದಳು. ಮಣ್ಣಿನಲ್ಲಿರುವ ಶಿಲೀಂಧ್ರಕ್ಕೆ ಬೇರೆಯೇ ಒಂದು ಸಂಖ್ಯೆ ಇಟ್ಟು ಮತ್ತೆ ಬರೆದಳು. 20 ವರ್ಷದಿಂದ ಡಿಫರೆನ್ಷಿಯಲ್ ಈಕ್ವೇಶನ್ ಪಾಠ ಮಾಡುತ್ತಿದ್ದೇನೆ. ಬೇರು ನೋಡಿ ಈಕ್ವೇಶನ್ ತಿದ್ದಿಸಿದವರನ್ನು ಅಲ್ಲಿವರೆಗೆ ಕಂಡಿರಲಿಲ್ಲ.

ಆಮೇಲೆ ಕೆಲಸ ನಿಂತುಹೋಯಿತು. ಮೊಬೈಲ್‌ನಲ್ಲಿ ಬ್ರಾಕೆಟ್ ಟೈಪ್ ಮಾಡೋದೇ ಒಂದು ಶಿಕ್ಷೆ. ಜಾಸ್ತಿ ಹೊತ್ತು ನೆಟ್ ಹೋದರೆ ಕೊಲಾಬ್ ಮತ್ತೆ ಮೊದಲಿಂದ. ಕಾಲೇಜಿನಲ್ಲಿ 20 ಕಂಪ್ಯೂಟರ್ ಇವೆ, ಬೀಗದೊಳಗೆ. ಟೈಮ್‌ಟೇಬಲ್‌ನಲ್ಲಿ ಇಲ್ಲದ ಕೆಲಸಕ್ಕೆ ಲ್ಯಾಬ್ ತೆಗೆಯಲ್ಲ ಅಂದರು. ತೆಗೆದರೆ ಕಾಯೋರು ಯಾರು ಅಂತಲೂ ಕೇಳಿದರು. ಅದೂ ನಿಜವೇ.

ನಮ್ಮ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಹೆಸರಿನಲ್ಲಿ ಮಂಡಳಿಗೆ ಅನುದಾನ ಬರುತ್ತದಲ್ವಾ? ಅದರಲ್ಲಿ ಲ್ಯಾಬ್ ಕಾಯುವ ಒಬ್ಬರಿಗೆ ಸಂಬಳ, ಒಂದು ಒಳ್ಳೆ ನೆಟ್ ಲೈನ್ ಕೊಡಿಸಿ. ಶನಿವಾರ ಮಧ್ಯಾಹ್ನ 2ರಿಂದ 5. ಐದೂವರೆಗೆ ಊರಿನ ಬಸ್ಸಿದೆ, ಹೆಣ್ಣುಮಕ್ಕಳೂ ಕೂರಬಹುದು. ಇನ್ನೊಂದು ಮಾತನ್ನು ವಿಶ್ವವಿದ್ಯಾಲಯದ ಕಿವಿಗೆ ಹಾಕಿ: ಎರಡು ವಿಭಾಗದ ಮಕ್ಕಳು ಸೇರಿ ಒಂದೇ ಪ್ರಾಜೆಕ್ಟ್ ಮಾಡಿದರೆ ಎಲ್ಲರಿಗೂ ಅಂಕ ಸಿಗಲಿ. ಅಂಕ ಇಲ್ಲದಿದ್ದರೆ ಪರೀಕ್ಷೆ ಹತ್ತಿರ ಬಂದಾಗ ಯಾರೂ ಹೊಲಕ್ಕೆ ಹೋಗಲ್ಲ.

ನೆಟೆ ತಡೆಯುವ ಟಿಎಸ್-3ಆರ್ ತಳಿ ಬಂದಿದ್ದು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೇ. ಈ ಮುಂಗಾರಿಗೆ ಆ ಹುಡುಗನ ಅಪ್ಪ ಅರ್ಧ ಹೊಲಕ್ಕೆ ಅದನ್ನು, ಅರ್ಧಕ್ಕೆ ಮನೆಯ ಬೀಜವನ್ನು ಹಾಕುತ್ತಾರಂತೆ, ಹೋಲಿಸಿ ನೋಡಲಿ ಅಂತ. ಎಣಿಕೆ ಶುರುವಾಗೋದು ಸೆಪ್ಟೆಂಬರ್‌ಗೆ. ಅಷ್ಟರೊಳಗೆ ಬೀಗದ ಕೈ ಸಿಗಬೇಕು.

ಇಂತಿ,
ಒಬ್ಬ ಗಣಿತ ಮೇಷ್ಟ್ರು