ಹಾಳೆ ತುಂಬಿಸಬೇಡ

ಲಬಕ್, ಟೆಕ್ಸಸ್

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ಮೊನ್ನೆ ನಿಮ್ಮಮ್ಮ ಧಾರವಾಡದಿಂದ ಫೋನ್ ಮಾಡಿದ್ದಳು. "ಅವನಿಗೆ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಟೀಮಿನಲ್ಲಿ ಏನೋ ದೊಡ್ಡ ಜವಾಬ್ದಾರಿ ಕೊಟ್ಟಿದ್ದಾರಂತೆ, ರಾತ್ರಿ ಎರಡಾದರೂ ಮಲಗುವುದಿಲ್ಲವಂತೆ, ನೀನೇ ಒಂದು ಮಾತು ಹೇಳು" ಅಂದಳು. ಆಮೇಲೆ ನೀನು ಕಳಿಸಿದ ಪಟ್ಟಿಯ ಫೋಟೋ ದೊಡ್ಡದು ಮಾಡಿಕೊಂಡು ನೋಡಿದೆ. ಥರ್ಡ್ ಡೌನ್‌ಗೆಂದು, ಅಂದರೆ ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದಕ್ಕೆಂದು, ಬರೆದ ಪ್ಲೇಗಳನ್ನು, ಆ ಮೊದಲೇ ಹೆಣೆದ ನಡೆಗಳನ್ನು, ಎಣಿಸಿದೆ. 72 ಇವೆ. ನಿನ್ನಂಥ ಹೊಸ ಸಹಾಯಕ ಕೋಚ್‌ಗೆ ಆಟದ ಯೋಜನೆ ಹಾಕುವ ಕೋಆರ್ಡಿನೇಟರ್ ಆ ಪಟ್ಟಿ ಒಪ್ಪಿಸಿದ್ದಾರೆಂದರೆ ನನಗೆ ಹೆಮ್ಮೆಯೇ. ಆದರೆ ಪಂದ್ಯವೊಂದರಲ್ಲಿ ನಿಮ್ಮ ಪಾಲಿಗೆ ಥರ್ಡ್ ಡೌನ್ ಬರುವುದು ಸಾಮಾನ್ಯವಾಗಿ 12, 15 ಸಲ. ಉಳಿದದ್ದೆಲ್ಲ ಯಾರಿಗಾಗಿ ಬರೆದೆ?

ನಿನ್ನ ಹುಡುಗರ ವಾರವನ್ನು ಲೆಕ್ಕ ಹಾಕು. ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ನಿಯಮದಂತೆ ಸೀಸನ್ನಿನಲ್ಲಿ ಅವರ ಆಟಕ್ಕೆ ಸಿಗುವುದು ವಾರಕ್ಕೆ 20 ಗಂಟೆ. ಮೀಟಿಂಗು, ವಿಡಿಯೋ, ತೂಕ ಎತ್ತುವುದು ಎಲ್ಲ ಅದರೊಳಗೇ. ಪಂದ್ಯದ ದಿನಕ್ಕೇ 3 ಗಂಟೆ ಕಳೆಯುತ್ತದೆ. ಉಳಿದದ್ದರಲ್ಲಿ ಫಸ್ಟ್ ಡೌನ್, ಗೋಲಿನ ಹತ್ತಿರದ ರೆಡ್ ಝೋನ್, ಕೊನೆಯ ಎರಡು ನಿಮಿಷದ ಆಟ ಎಲ್ಲ ಕಲಿಯಬೇಕು. ನಿನ್ನ 72ರಲ್ಲಿ ಒಂದೊಂದನ್ನು ಅವರು ಎಷ್ಟು ಸಲ ಓಡಿಯಾರು? ಒಮ್ಮೆ, ಇಲ್ಲವೇ ಅದೂ ಇಲ್ಲ. ವೃತ್ತಿ ಆಟಗಾರನಿಗೆ ದಿನವಿಡೀ ಇದೇ ಕೆಲಸ. ನಿನ್ನ ಲೆಫ್ಟ್ ಟ್ಯಾಕಲ್ ಆಡುವ ಹುಡುಗನಿಗೆ 19 ವರ್ಷ, ಬುಧವಾರ ಕೆಮಿಸ್ಟ್ರಿ ಪರೀಕ್ಷೆ ಇರುತ್ತದೆ. ಒಮ್ಮೆ ಮಾತ್ರ ಓಡಿದ ಪ್ಲೇಯನ್ನು ಅವನು ಸಾವಿರಾರು ಜನರ ಗದ್ದಲದಲ್ಲಿ ನೆನಪಿಸಿಕೊಳ್ಳಬೇಕು ಎಂದು ನಾವು ಬಯಸುವುದು ನ್ಯಾಯವಲ್ಲ, ಅಳಿಯ.

ಈ ಮಾತು ನನಗೆ ಎಲ್ಲಿಂದ ಬಂತು ಗೊತ್ತೇ? ಹತ್ತಿಯ ಕೆಲಸಕ್ಕೆಂದು ಈ ಊರಿಗೆ ಬಂದವನು ನಾನು. ಫುಟ್‌ಬಾಲ್ ಎಂದರೆ ಕಾಲಿನಲ್ಲಿ ಆಡುವುದು ಅಂದುಕೊಂಡಿದ್ದೆ. 2000ದಲ್ಲಿ ಮೈಕ್ ಲೀಚ್ ಇಲ್ಲಿನ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗಿ ಬಂದರು. ಮೇಲೆ ನೋಡಿದರೆ ಅವರ ಆಟ ಬರೀ ಹುಚ್ಚು: ಎಸೆತ, ಎಸೆತ, ಮತ್ತೆ ಎಸೆತ. ಅವರು ಯಾವಾಗಲೂ ಕೈಯಲ್ಲಿ ಹಿಡಿದಿರುತ್ತಿದ್ದದ್ದು ಮಡಚಿದ ಒಂದು ಸಣ್ಣ ಚೀಟಿ. ಎದುರಾಳಿ ಕೋಚ್‌ಗಳ ಕೈಯಲ್ಲಿ ಹೋಟೆಲಿನ ಮೆನು ಕಾರ್ಡಿನಂಥ ದೊಡ್ಡ ಹಾಳೆ. ನನಗದು ಬಹಳ ದಿನ ಅರ್ಥವಾಗಲಿಲ್ಲ.

ಆ ಚೀಟಿಯ ಹಿಂದೆ ದೊಡ್ಡ ಇತಿಹಾಸವಿದೆ. 1989ರಲ್ಲಿ ಐಯೊವಾ ವೆಸ್ಲಿಯನ್ ಎಂಬ ಪುಟ್ಟ ಕಾಲೇಜಿನಲ್ಲಿ ಹಾಲ್ ಮಮ್ಮಿ ಎಂಬ ಕೋಚ್ ಮತ್ತು ಲೀಚ್ ಜೊತೆಯಾದರು. ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಲವೆಲ್ ಎಡ್ವರ್ಡ್ಸ್ ಆಡಿಸುತ್ತಿದ್ದ ಎಸೆತದ ಆಟವನ್ನು ಇವರು ಅಭ್ಯಾಸ ಮಾಡಿ, ಅದಕ್ಕೆ ಇನ್ನಷ್ಟು ಸೇರಿಸಲಿಲ್ಲ, ಕತ್ತರಿಸುತ್ತಾ ಬಂದರು. ಉಳಿದದ್ದೇ 'ಏರ್ ರೇಡ್'. ಅದರಲ್ಲಿನ 'ಮೆಶ್' ಎಂಬ ಪ್ಲೇ ನಿನಗೆ ಗೊತ್ತೇ ಇದೆ. ಚೆಂಡು ಹಿಡಿಯುವ ಇಬ್ಬರು ರಿಸೀವರ್‌ಗಳು ಎರಡು ಕಡೆಯಿಂದ ಬಂದು, ಕೈಗೆ ಕೈ ತಾಗುವಷ್ಟು ಹತ್ತಿರದಲ್ಲಿ ಹಾದು ಹೋಗುತ್ತಾರೆ. ಕಾಗದದ ಮೇಲೆ ಎರಡು ಗೆರೆ, ಅಷ್ಟೇ. ಆದರೆ ದಿನವೂ ಓಡಿ ಓಡಿ, ಎದುರಿನವನು ಒಬ್ಬೊಬ್ಬರ ಬೆನ್ನು ಹತ್ತಿದ್ದಾನೋ ಜಾಗ ಕಾಯುತ್ತಿದ್ದಾನೋ ಎಂದು ನೋಡಿ, ಓಡುತ್ತಲೇ ಇರಬೇಕೋ ನಿಲ್ಲಬೇಕೋ ಎಂಬುದು ಹುಡುಗರ ಕಾಲಿಗೇ ತಿಳಿದುಬಿಡುತ್ತಿತ್ತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಟ ಶುರುವಾಗುವ ಗೆರೆಯ ಬಳಿ ನಿಂತು ಪ್ಲೇ ಬದಲಿಸಿದರೂ ಲೀಚ್ ತಡೆಯುತ್ತಿರಲಿಲ್ಲ.

2008ರ ನವೆಂಬರ್ 1ರ ರಾತ್ರಿ ನಾನು ಇಲ್ಲಿನ ಸ್ಟೇಡಿಯಮ್ಮಿನಲ್ಲಿದ್ದೆ. ನಮ್ಮ ಟೆಕ್‌ಗೆ ಎದುರಾಳಿಯಾದ ದೇಶದ ನಂಬರ್ ಒನ್ ಟೆಕ್ಸಸ್ ವಿಶ್ವವಿದ್ಯಾಲಯ ಕೊನೆಯ ಎರಡು ನಿಮಿಷದೊಳಗೆ 33–32ಕ್ಕೆ ಮುಂದೆ ಹೋಗಿತ್ತು. 8 ಸೆಕೆಂಡ್ ಉಳಿದಾಗ 28 ಯಾರ್ಡ್ ದೂರದಿಂದ ಟೆಕ್‌ನ ಕ್ವಾರ್ಟರ್‌ಬ್ಯಾಕ್ ಗ್ರಹಮ್ ಹ್ಯಾರೆಲ್ ಸೈಡ್‌ಲೈನ್ ಕಡೆಗೆ ಎಸೆದ. ರಿಸೀವರ್ ಮೈಕೆಲ್ ಕ್ರ್ಯಾಬ್‌ಟ್ರೀ ಹಿಡಿದು, ಎಳೆಯಲು ಬಂದವನಿಂದ ಬಿಡಿಸಿಕೊಂಡು ಗೋಲ್ ಗೆರೆಯೊಳಗೆ ನುಗ್ಗಿದ. ಒಂದೇ ಒಂದು ಸೆಕೆಂಡ್ ಉಳಿದಿತ್ತು. 39–33. ಅದಕ್ಕೂ ಹಿಂದಿನ ಎಸೆತದಲ್ಲಿ ಟೆಕ್ಸಸ್ ಹುಡುಗನೊಬ್ಬನ ಕೈಗೇ ಬಂದ ಚೆಂಡು ಜಾರಿತ್ತು ಎಂಬುದನ್ನೂ ಹೇಳಬೇಕು, ದೈವದ ಪಾಲು ಇದ್ದೇ ಇತ್ತು. ಆದರೆ ಆ ಎಸೆತ ಬಿಡುವಾಗ ಹ್ಯಾರೆಲ್‌ನ ಕೈ ತಡವರಿಸಲಿಲ್ಲ. ಅಂಥ ಚೆಂಡನ್ನು ಅವನು ಕ್ರ್ಯಾಬ್‌ಟ್ರೀಗೇ ಎಷ್ಟು ಸಂಜೆ ಎಸೆದಿದ್ದನೋ.

"ಹಾಗಾದರೆ ಧೈರ್ಯದ ಪ್ಲೇ ಬೇಡವೇ ಮಾವ" ಅಂತ ಕೇಳುತ್ತೀ. ಬೇಕು. 1969ರ ಡಿಸೆಂಬರ್ 6, ಫೇಯೆಟ್‌ವಿಲ್. ಅರ್ಕನ್ಸಾ 14, ಟೆಕ್ಸಸ್ 8. ಐದು ನಿಮಿಷವೂ ಉಳಿದಿಲ್ಲ. ಟೆಕ್ಸಸ್‌ಗೆ ಫೋರ್ತ್ ಡೌನ್, ಅಂದರೆ ಕೊನೆಯ ಯತ್ನ, ಬೇಕಾದದ್ದು 3 ಯಾರ್ಡ್. ವಿಶ್‌ಬೋನ್ ಪದ್ಧತಿಯಲ್ಲಿ ಆಡುತ್ತಿದ್ದ, ಓಟವನ್ನೇ ನಂಬಿದ್ದ ತಂಡಕ್ಕೆ ಕೋಚ್ ಡ್ಯಾರೆಲ್ ರಾಯಲ್ ಉದ್ದನೆಯ ಎಸೆತ ಹೇಳಿದರು. ಕ್ವಾರ್ಟರ್‌ಬ್ಯಾಕ್ ಜೇಮ್ಸ್ ಸ್ಟ್ರೀಟ್‌ಗೇ ನಂಬಿಕೆ ಬರಲಿಲ್ಲ, ಇದೇ ಪ್ಲೇ ತಾನೇ ಎಂದು ತಿರುಗಿ ಬಂದು ಕೇಳಿದ. ಹಡಲ್‌ನಲ್ಲಿ, ಆಟಗಾರರು ಗುಂಪುಗೂಡಿ ಮಾತಾಡುವಲ್ಲಿ, ಎದುರಾಳಿಗಳು ಇತ್ತ ನೋಡುತ್ತಿದ್ದರೆಂದು ಒಬ್ಬನತ್ತ ಕೈ ತೋರುತ್ತಾ ಇನ್ನೊಬ್ಬನಿಗೆ, ಟೈಟ್ ಎಂಡ್ ರ್‍ಯಾಂಡಿ ಪೆಷೆಲ್‌ಗೆ, ವಿಷಯ ಹೇಳಿದ. 44 ಯಾರ್ಡ್ ಸಿಕ್ಕಿತು, ಪಂದ್ಯ 15–14ಕ್ಕೆ ಗೆದ್ದರು. ಅಲ್ಲಿಯವರೆಗೂ ಓಡಿ ಓಡಿ ಡಿಫೆನ್ಸನ್ನು ಮುಂದಕ್ಕೆ ಎಳೆದಿದ್ದರಿಂದಲೇ ಆ ಧೈರ್ಯಕ್ಕೆ ಬೆಲೆ ಬಂತು. ನಿನ್ನ ಪಟ್ಟಿಯಲ್ಲಿ ಅಂಥದ್ದು ಒಂದಿರಲಿ, ಎರಡಿರಲಿ. ಹತ್ತಾರು ಬೇಡ.

ಇನ್ನೊಂದು ವಿಷಯ. 2024ರಿಂದ ನಿಮ್ಮ ವಿಭಾಗದಲ್ಲಿ ಕೋಚ್ ಮಾತು ಆಟಗಾರನ ಕಿವಿಗೆ ಮುಟ್ಟಿಸುವ ಹೆಲ್ಮೆಟ್ ರೇಡಿಯೋ ಬಂದಿದೆ, ಒಳ್ಳೆಯದೇ. ಆದರೆ ಮುಂದಿನ ಪ್ಲೇ ಶುರುಮಾಡಲು ಉಳಿದ ಸಮಯ ತೋರಿಸುವ ಪ್ಲೇ ಕ್ಲಾಕ್ 15 ಸೆಕೆಂಡಿಗೆ ಇಳಿದಾಗ ಅದು ಮುಚ್ಚಿಕೊಳ್ಳುತ್ತದೆ. ನಿನ್ನ ಕೆಲವು ಪ್ಲೇಗಳ ಹೆಸರು ಓದುವುದಕ್ಕೇ ನನಗೆ ಏದುಸಿರು ಬಂತು. ನಿಮ್ಮ ಕ್ವಾರ್ಟರ್‌ಬ್ಯಾಕ್ ಹುಡುಗ ಅದನ್ನು ಕೇಳಿ, ಹಡಲ್‌ನಲ್ಲಿ ಹೇಳಿ, ಎದುರಾಳಿಗಳ ಹಿಂದೆ ಕಾವಲು ನಿಲ್ಲುವ ಸೇಫ್ಟಿಯನ್ನು ಯಾವಾಗ ನೋಡಬೇಕು?

ಹತ್ತಿ ಕೇಂದ್ರದಲ್ಲಿ ಮೊದಲ ವರ್ಷ ನಾನೂ ಹೀಗೇ ಮಾಡಿದ್ದೆ. ಒಂದೇ ಹೊಲದಲ್ಲಿ 40 ತಳಿ ಹಾಕಿದೆ, ನೋಡಿಕೊಳ್ಳಲು ಇಬ್ಬರೇ. ಯಾವ ತಳಿ ಹೇಗೆ ಬಂತು ಎಂದು ಕೊನೆಗೆ ಒಂದನ್ನೂ ಸರಿಯಾಗಿ ಹೇಳಲಾಗಲಿಲ್ಲ. ಒಂದು ವರ್ಷ ಹೋಯಿತು. ನಿನ್ನ ಹುಡುಗರಿಗೆ ಇರುವುದೇ ನಾಲ್ಕು ಸೀಸನ್.

ಈ ಗುರುವಾರ ಆ ಹಾಳೆಯನ್ನೂ ಒಂದು ಕೆಂಪು ಪೆನ್ನನ್ನೂ ನಿಮ್ಮ ಕ್ವಾರ್ಟರ್‌ಬ್ಯಾಕ್ ಕೈಗೆ ಕೊಡು. ತನಗೆ ಕಣ್ಣು ಮುಚ್ಚಿಕೊಂಡೂ ಕಾಣುವ ಪ್ಲೇಗಳನ್ನು ಬಿಟ್ಟು ಉಳಿದದ್ದಕ್ಕೆ ಗೆರೆ ಹೊಡೆಯಲಿ. ನಿನಗೆ ಅಚ್ಚುಮೆಚ್ಚಿನದನ್ನು ಹೊಡೆದರೂ ವಾದ ಮಾಡಬೇಡ. ಆ ಹಾಳೆಯನ್ನು ಕೋಆರ್ಡಿನೇಟರ್‌ಗೆ ತೋರಿಸಿದ ಮೇಲೆ ನನಗೂ ಒಂದು ಫೋಟೋ ಕಳಿಸು. ಅವತ್ತು ರಾತ್ರಿ ಹತ್ತಕ್ಕೆ ಮಲಗು, ಎದ್ದ ಮೇಲೆ ನಿಮ್ಮಮ್ಮನಿಗೆ ಫೋನ್ ಮಾಡು.

ಇಂತಿ ನಿನ್ನ
ಮಾವ