ಅಳಿಯನಿಗೆ, ಸೊಂಟದ ವಿಚಾರವಾಗಿ

ಕೊಪ್ಪಳ
ಬುಧವಾರ

ಚಿರಂಜೀವಿ ಶರಣಬಸವನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನೆ ನಿನ್ನ ಅಪ್ಪ ಮುಕ್ಕಾಲು ಗಂಟೆ ಫೋನಿನಲ್ಲಿ ಮಾತನಾಡಿದ. ಅದರಲ್ಲಿ ಅರ್ಧ ಗಂಟೆ ನಿನ್ನ ಸೊಂಟದ್ದೇ. ಎಂಟು ತಿಂಗಳಾಯಿತಂತೆ. ಜೀನ್ಸ್ ಹೊಲಿಯುವುದನ್ನು ಅರ್ಧ ದಿನಕ್ಕೆ ಇಳಿಸಿ, ಉಳಿದ ಹೊತ್ತು ಪಟ್ಟಿ ಬಿಗಿದುಕೊಂಡು ಮಲಗಿರುತ್ತೀಯಂತೆ. ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಿದ್ದೀಯೆಂದು ಕೇಳಿ ಈ ಪತ್ರ ಬರೆಯಲು ಕುಳಿತೆ.

ಅಪ್ಪ ಕಳಿಸಿದ ಸ್ಕ್ಯಾನ್ ಚಿತ್ರ ನೋಡಿದೆ. ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಎಂದು ಬರೆದಿರುವುದನ್ನು ನೀನು ಮರಣಶಾಸನದಂತೆ ಓದಿಕೊಂಡಿದ್ದೀಯ. ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳ ಲೆಕ್ಕ ಹಾಕಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಮೂವತ್ತರ ವಯಸ್ಸಿನವರಲ್ಲಿ ನೂರಕ್ಕೆ 40 ಮಂದಿಗೆ ಡಿಸ್ಕ್ ಉಬ್ಬಿತ್ತು, ಐವತ್ತರವರಲ್ಲಿ 60 ಮಂದಿಗೆ. ಯಾರಿಗೂ ನೋವಿರಲಿಲ್ಲ. ಕೂದಲು ನರೆಯುವಂತೆ ಅದೂ ಬಹುಮಟ್ಟಿಗೆ ವಯಸ್ಸಿನ ಗುರುತು.

ಹಾಗೆಂದು ನಿನ್ನ ನೋವು ಸುಳ್ಳೆನ್ನುತ್ತಿಲ್ಲ, ತಮ್ಮ. "ಟೀಚರಮ್ಮ, ಎಲ್ಲಾ ನಿಮ್ಮ ಮನಸ್ಸಿನದು" ಎಂದು ನನಗೂ ಒಬ್ಬ ಡಾಕ್ಟರು ಹೇಳಿದ್ದರು. ಆ ದಿನ ಮನೆಗೆ ಬರುವವರೆಗೂ ಅತ್ತಿದ್ದೆ. ನೋವು ನಿಜ. ಆದರೆ ಮೂರು ತಿಂಗಳು ದಾಟಿದ ನೋವಿನಲ್ಲಿ ಎಷ್ಟೋ ಸಲ ಪೆಟ್ಟು ಮಾಗಿರುತ್ತದೆ, ಮಿದುಳು ಮಾತ್ರ ಕಾವಲು ಬಿಟ್ಟಿರುವುದಿಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಿದೆಯೇ? ಒಂದು ಸಲ ಕುದಿಯುವ ಹಾಲಿಗೆ ಬಾಯಿ ಸುಟ್ಟುಕೊಂಡು, ಆಮೇಲೆ ರಾಯರ ಸಭೆಯಲ್ಲಿ ತಣ್ಣನೆಯ ಹಾಲು ಕಂಡೂ ಓಡಿತಲ್ಲ. ನಾಲ್ಕು ವರ್ಷ ನಾನು ಆ ಬೆಕ್ಕಾಗಿದ್ದೆ. ನೀರಿನ ಕೊಡ ಎತ್ತುವಾಗ ಸೊಂಟ ಹಿಡಿದದ್ದು ಒಂದೇ ದಿನ. ಬಗ್ಗಲು ಹೆದರಿದ್ದು ನಾಲ್ಕು ವರ್ಷ. ಗವಿಮಠದ ಜಾತ್ರೆಗೆ ಹೋದರೂ ತೇರು ನೋಡಲಿಲ್ಲ, ಕೂರಲು ಎಲ್ಲಿ ಜಾಗವಿದೆ ಎಂದು ನೋಡಿದೆ. ಹೆದರಿದಷ್ಟೂ ಸೊಂಟದ ಸ್ನಾಯು ಬಿಗಿಯುತ್ತದೆ, ಬಿಗಿದಷ್ಟೂ ನೋಯುತ್ತದೆ, ನೋಯುವುದಕ್ಕೆ ಮತ್ತೆ ಹೆದರಿಕೆ.

ನನ್ನನ್ನು ಅದರಿಂದ ಬಿಡಿಸಿದ್ದು ರೊಟ್ಟಿ. ನಗಬೇಡ. ಫಿಸಿಯೋಥೆರಪಿಯ ಹುಡುಗಿ "ಏನು ಮಾಡಲಾಗುತ್ತಿಲ್ಲವೆಂದು ಬೇಸರ?" ಎಂದು ಕೇಳಿದಾಗ ರೊಟ್ಟಿ ಬಡಿಯುವುದೆಂದೆ. "ಹಾಗಾದರೆ ನಾಳೆ ಒಂದೇ ಒಂದು ಬಡಿಯಿರಿ" ಎಂದಳು. ಕಲ್ಲಿನ ಮುಂದೆ ಕುಳಿತು ಹಿಟ್ಟು ನಾದಿ ಮುಂದಕ್ಕೆ ಬಾಗಿದೆ. ಅಂಗೈ ಬಿದ್ದ ಮೊದಲ ಪೆಟ್ಟಿಗೇ ಸೊಂಟ ಚುಳ್ಳೆಂದಿತು. ಅವಳು ಹೇಳಿಕೊಟ್ಟಂತೆ ಕೈ ನಿಲ್ಲಿಸದೆ ಉಸಿರನ್ನು ಉದ್ದಕ್ಕೆ ಬಿಡುತ್ತಾ, ಎಲ್ಲಿ ಚುಚ್ಚುತ್ತಿದೆ, ಉರಿಯೋ ಸೆಳೆತವೋ ಎಂದಷ್ಟೇ ಗಮನಿಸಿದೆ. "ಇನ್ನು ಹಾಸಿಗೆ ಹಿಡಿಯುತ್ತೇನೆ" ಎಂಬ ಮಾತು ಒಳಗಿನಿಂದ ಎದ್ದಿತು. ಅದು ನೋವಲ್ಲ, ನೋವಿನ ಮೇಲೆ ನಾನು ಕಟ್ಟಿದ ಕಥೆ. ರೊಟ್ಟಿಯ ಅಂಚು ಹರಿಯಿತು, ಸೊಂಟ ಹರಿಯಲಿಲ್ಲ. ಮೂರನೆಯ ತಿಂಗಳಿಗೆ ಎಂಟು ರೊಟ್ಟಿ.

ರಾತ್ರಿ ಚಾಪೆಯ ಮೇಲೆ ಅಂಗಾತ ಮಲಗಿ ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಗಮನಿಸುತ್ತಾ ಸಡಿಲ ಬಿಡುವುದನ್ನೂ ಕಲಿತೆ. ಮೊದಲ ವಾರವೆಲ್ಲ ಮೊಣಕಾಲಿಗೆ ಬರುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದೆ. ಇದು ನನ್ನ ಅಡುಗೆಮನೆಯ ವೈದ್ಯವೇನಲ್ಲ. ಅಮೆರಿಕದಲ್ಲಿ 342 ಮಂದಿಯ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಎಂಟು ವಾರ ಇಂಥ ಧ್ಯಾನ ಮತ್ತು ಯೋಗ ಕಲಿತವರ ಪೈಕಿ ನೂರಕ್ಕೆ ಸುಮಾರು 61 ಮಂದಿಯ ಓಡಾಟ, ಕೆಲಸ ಆರು ತಿಂಗಳಲ್ಲಿ ಗಣನೀಯವಾಗಿ ಸುಧಾರಿಸಿತು. ಎಂದಿನ ಚಿಕಿತ್ಸೆಯಲ್ಲೇ ಇದ್ದವರಲ್ಲಿ 44. ವಿಜ್ಞಾನ ಕಲಿಸಿದವಳು ನಾನು, ಆ 44ನ್ನು ಮುಚ್ಚಿಡಲಾರೆ. ಪವಾಡವಲ್ಲ, ಪ್ರಯೋಜನ. ಧ್ಯಾನದಿಂದ ಡಿಸ್ಕ್ ಒಳಗೆ ಹೋಗುತ್ತದೆ ಎಂದು ದುಡ್ಡು ಕೇಳುವವರು ಬಂದರೆ ಬಾಗಿಲು ಹಾಕಿಕೋ.

ಬಳ್ಳಾರಿಯ ಬಿಸಿಲಿನಲ್ಲಿ, ತಗಡಿನ ಕೆಳಗೆ, ತುಂಡಿನ ಲೆಕ್ಕದ ಕೂಲಿಗೆ ಬಗ್ಗಿ ಕೂರುವವನಿಗೆ ಉಪದೇಶ ಸುಲಭ ಎಂದು ನೀನು ಗೊಣಗಿಕೊಳ್ಳುವುದು ನನಗೆ ಕೇಳಿಸುತ್ತಿದೆ. ಸರಿಯೇ. ಬಟವಾಡೆ ತಡವಾದ ವಾರ ನಿನ್ನ ನೋವು ಏರುತ್ತದೆಯೇ ಎಂದು ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕು. ಒಂದು ಕಟ್ಟು ಮುಗಿದಾಗಲೆಲ್ಲ ಮಷೀನಿನಿಂದ ಎದ್ದು ಬಾಗಿಲವರೆಗೆ ಹೋಗಿ ಬಾ. ಸಂಜೆ ಕೋಟೆಯ ಕಡೆಗೆ ಹತ್ತು ನಿಮಿಷ ನಡೆ. ನೋವು ಕಡಿಮೆಯಾದ ದಿನ ಹುರುಪಿನಿಂದ ನಲವತ್ತು ನಿಮಿಷ ನಡೆದುಬಿಡಬೇಡ, ಅಂದೂ ಹತ್ತೇ.

ಆದರೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಉಸಿರು ಎಣಿಸುತ್ತಾ ಕೂರಬೇಡ, ಆ ಗಳಿಗೆಯೇ ಆಸ್ಪತ್ರೆಗೆ ಓಡು. ಜ್ವರದ ಜೊತೆ ಬೆನ್ನು ನೋಯುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೂ ತಡಮಾಡದೆ ಡಾಕ್ಟರಿಗೆ ತೋರಿಸು. ಗುಳಿಗೆಗಳನ್ನು ನನ್ನ ಪತ್ರ ಓದಿ ನಿಲ್ಲಿಸಬೇಡ, ಅವರನ್ನೇ ಕೇಳು.

ಭಾನುವಾರ ಬೆಳಗಿನ ಗಾಡಿಗೆ ಬಳ್ಳಾರಿಗೆ ಬರುತ್ತೇನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಗುವಿಗೆ ಕಿನ್ನಾಳದ ಗೊಂಬೆ ಸೇರಿ ಎರಡು ಚೀಲ ಆಗಬಹುದು. ಸ್ಟೇಷನ್ನಿಗೆ ನೀನೇ ಬಾ. ಚಿಕ್ಕ ಚೀಲ ನೀನು ಹೊರು, ದೊಡ್ಡದು ನನಗಿರಲಿ.

ಇಂತಿ,
ನಿನ್ನ ಅತ್ತೆ