ಪ್ಲೋ ಬಂದು ಹೋದ ಮೇಲೆ

ನಮ್ಮ ಮಿನ್ನೆಸೊಟದಲ್ಲೂ ಯುಗಾದಿ ಹತ್ತಿರ ಬಂತು. ರಸ್ತೆ ಬದಿಯ ಸ್ನೋ ಗುಡ್ಡೆಗಳು ಕಪ್ಪಾಗಿ ದಿನಕ್ಕೊಂದು ಗೇಣು ಕುಗ್ಗುತ್ತಿವೆ. ಈ ವಾರ ವಾಕಿಂಗ್ ಹೋದಾಗ ಸ್ವಲ್ಪ ಕೆಳಗೆ ನೋಡಿಕೊಂಡು ನಡೆಯಿರಿ. ಗುಡ್ಡೆ ಕರಗಿದ ಕಡೆಯೆಲ್ಲ ಚಳಿಗಾಲದ ಲೆಕ್ಕ ಹೊರಗೆ ಬೀಳುತ್ತಿದೆ. ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡ ಹುಲ್ಲು, ಓರೆಯಾಗಿ ನಿಂತ ಮೇಲ್‌ಬಾಕ್ಸ್, ತಲೆ ಮುರಿದ ಸ್ಪ್ರಿಂಕ್ಲರ್, ಜಾಗ ಬಿಟ್ಟು ಎದ್ದ ಅಂಚುಗಲ್ಲು. ಎಲ್ಲ ಪ್ಲೋ, ಅಂದರೆ ಮುಂದಿನ ದೊಡ್ಡ ಬ್ಲೇಡಿನಿಂದ ರಸ್ತೆಯ ಸ್ನೋ ತಳ್ಳುವ ಗಾಡಿ, ಬಂದು ಹೋದದ್ದರ ಗುರುತು. ಯಾರೂ ಬೇಕು ಅಂತ ಮಾಡಿದ್ದಲ್ಲ. ಆದರೂ ಹಾಳಾಗಿದೆ. ಈ ಎರಡು ತಿಂಗಳಲ್ಲಿ ನಮ್ಮ ಕನ್ನಡ ಸಂಘದ ಯಾರ ಜೊತೆ ಕೂತರೂ ಇದೇ ಮಾತು ಬರುತ್ತಿತ್ತು. ಹಾಗಾಗಿ ಈ ಸಂಚಿಕೆಗೆ ಇದನ್ನೇ ಬರೆಯುತ್ತಿದ್ದೇನೆ.

ನನ್ನ ಕಥೆಯಿಂದಲೇ ಶುರು ಮಾಡುತ್ತೇನೆ. 2022-23ರ ಚಳಿಗಾಲ ನಿಮಗೆಲ್ಲ ನೆನಪಿರುತ್ತದೆ. ಟ್ವಿನ್ ಸಿಟೀಸ್‌ನಲ್ಲಿ, ಅಂದರೆ ಮಿನ್ನಿಯಾಪೊಲಿಸ್-ಸೇಂಟ್ ಪಾಲ್ ಕಡೆ, ಆ ಸೀಸನ್ನಿಗೆ 90 ಇಂಚು ಸ್ನೋ ಬಿತ್ತು. ಜನವರಿ ಮೊದಲ ವಾರದಲ್ಲಿ ಒಂದೇ ಸಲಕ್ಕೆ ಒಂದು ಅಡಿಗಿಂತ ಜಾಸ್ತಿ ಸುರಿಯಿತು. ಅದೂ ಒದ್ದೆ ಸ್ನೋ, ಕೊಂಬೆಗಳನ್ನೆಲ್ಲ ನೆಲಕ್ಕೆ ಬಗ್ಗಿಸಿಬಿಟ್ಟ ಸ್ನೋ. ರಾತ್ರಿ ಮೂರೋ ನಾಲ್ಕೋ ಗಂಟೆಗೆ ಪ್ಲೋ ಸದ್ದು ಕೇಳಿಸಿತು. ಆ ಸದ್ದು ಕೇಳಿದರೆ ನನಗೆ ಒಂಥರಾ ನೆಮ್ಮದಿ. ನಾವು ಮಲಗಿದ್ದಾಗ ಯಾರೋ ನಮ್ಮ ದಾರಿ ಬಿಡಿಸುತ್ತಿದ್ದಾರಲ್ಲ ಅಂತ.

ಬೆಳಿಗ್ಗೆ ನೋಡಿದರೆ ಮೇಲ್‌ಬಾಕ್ಸ್ ಇಲ್ಲ. ಸ್ನೋ ರಾಶಿಯ ಆಚೆ ಬಿದ್ದಿತ್ತು, ಬಾಗಿಲು ತೆರೆದುಕೊಂಡು, ಒಳಗೆಲ್ಲ ಸ್ನೋ ತುಂಬಿಕೊಂಡು. ಹಿಂದಿನ ದಿನದ ಒಂದು ಕವರ್ ಗೋಡೆಗೆ ಅಂಟಿದ ಹಾಗೆ ಒಳಗೆ ಹೆಪ್ಪುಗಟ್ಟಿತ್ತು. ಮರದ ಕಂಬ ನೆಲಮಟ್ಟಕ್ಕೆ ಸರಿಯಾಗಿ ಮುರಿದಿತ್ತು. ಮುರಿದ ಜಾಗದಲ್ಲಿ ಒಳಗಿನ ಮರ ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ನನ್ನ ಯಜಮಾನರಿಗೆ ಸಿಟ್ಟು ಬಂತು. ಆಗಲೇ ಫೋನ್ ಕೈಗೆ ತಗೊಂಡರು. ಅಷ್ಟರಲ್ಲಿ ಎದುರು ಮನೆಯವರು ಬಂದರು. ಎಪ್ಪತ್ತು ದಾಟಿದವರು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಡಬ್ಬಿಯನ್ನು ಎತ್ತಿ, ನಾಲ್ಕೂ ಕಡೆ ತಿರುಗಿಸಿ ನೋಡಿದರು. ಕಂಬದ ಮೇಲೆ ಕೈ ಆಡಿಸಿದರು. ಬ್ಲೇಡ್ ತಾಗಿದ್ದರೆ ಗುರುತು ಇರಬೇಕಿತ್ತು, ಗೀರು, ತಗ್ಗು, ಬಣ್ಣ ಏನಾದರೂ. ಏನೂ ಇಲ್ಲ, ಇದನ್ನು ಬೀಳಿಸಿದ್ದು ಸ್ನೋ ಅಂದರು.

ಈ ವ್ಯತ್ಯಾಸ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇಲ್ಲಿನ ಎಷ್ಟೋ ಊರುಗಳಲ್ಲಿ ಇದೇ ನಿಯಮ. ಪ್ಲೋ ಗಾಡಿಯ ಯಾವುದಾದರೂ ಭಾಗ ನೇರವಾಗಿ ತಾಗಿ ಮೇಲ್‌ಬಾಕ್ಸ್ ಮುರಿದರೆ ಊರಿನ ಆಡಳಿತದವರು ಸರಿ ಮಾಡಿಕೊಡುತ್ತಾರೆ, ಇಲ್ಲವೇ ಒಂದು ಮಿತಿಯೊಳಗೆ ಹಣ ಕೊಡುತ್ತಾರೆ. ಬ್ಲೇಡಿನಿಂದ ಹಾರಿದ ಸ್ನೋ ಬಡಿದು ಬಿದ್ದರೆ ಅದು ಮನೆಯವರ ಪಾಲಿಗೆ. ಕೇಳೋಕೆ ಅನ್ಯಾಯ ಅನ್ನಿಸುತ್ತದೆ. ಆದರೆ ಯೋಚಿಸಿ ನೋಡಿ. ಒಣ ಸ್ನೋ ಹತ್ತಿಯ ಹಾಗೆ ಹಗುರ. ಒದ್ದೆ ಸ್ನೋ ಒಂದು ಘನ ಅಡಿಗೆ 20 ಪೌಂಡ್ ತನಕ ತೂಗುತ್ತದೆ. ಪ್ಲೋ ಸ್ವಲ್ಪ ವೇಗವಾಗಿ ಹೋದರೂ ಅಂಥ ಸ್ನೋ ಅಲೆಯ ಹಾಗೆ ಎದ್ದು ಬಡಿಯುತ್ತದೆ. ತೀರಾ ನಿಧಾನ ಹೋದರೆ ಸ್ನೋ ಪಕ್ಕಕ್ಕೆ ಉರುಳುವುದಿಲ್ಲ. ಗಟ್ಟಿ ಕಂಬ ತಡೆದುಕೊಳ್ಳುತ್ತದೆ. ಬುಡ ಕೊಳೆತ ಕಂಬ ತಡೆಯುವುದಿಲ್ಲ. ನಮ್ಮದು ಕೊಳೆತಿತ್ತು.

ಆದರೂ ಊರಿನ ಪಬ್ಲಿಕ್ ವರ್ಕ್ಸ್ ಆಫೀಸಿಗೆ ಫೋನ್ ಮಾಡಿದೆವು, ಸಮಾಧಾನವಾಗಿ. ಒಬ್ಬರು ಬಂದು ನೋಡಿದರು, ಎದುರು ಮನೆಯವರು ಹೇಳಿದ್ದನ್ನೇ ಹೇಳಿದರು. ಒಪ್ಪಿಕೊಂಡೆವು. ಜನವರಿಯಲ್ಲಿ ನೆಲ ಕಲ್ಲಾಗಿರುತ್ತದೆ, ಗುಂಡಿ ತೋಡೋಕೆ ಆಗುವುದಿಲ್ಲ. ಒಂದು ದೊಡ್ಡ ಬಕೆಟ್ಟಿಗೆ ಮರಳು ತುಂಬಿ, ಅದರಲ್ಲಿ ಒಂದು ಕಟ್ಟಿಗೆ ನೆಟ್ಟು, ಅದರ ಮೇಲೆ ಡಬ್ಬಿ ಕೂರಿಸಿದೆವು. ಏಪ್ರಿಲ್ ತನಕ ನಮ್ಮ ಟಪಾಲೆಲ್ಲ ಆ ಬಕೆಟ್ಟಿಗೇ ಬಂತು.

ಏಪ್ರಿಲ್ ಕೊನೆಗೆ ಅಪ್ಪ ಬಂದರು. ಮದ್ದೂರಿನ ಹತ್ತಿರ ನಮ್ಮದು ಗದ್ದೆ. ಅಪ್ಪನಿಗೆ ಎಲ್ಲಿ ಹೋದರೂ ಕಣ್ಣು ಮೊದಲು ನೆಲಕ್ಕೆ. ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮನೆ ಮುಂದೆ ನಿಂತವರು ಕೂಗಿದರು. "ಬದ ಕಿತ್ತೋಗೈತೆ ನೋಡವ್ವ."

ನಮ್ಮದು ಕಲ್-ಡಿ-ಸ್ಯಾಕ್, ರಸ್ತೆ ದುಂಡಗೆ ಮುಗಿಯುವ ಕಡೆ ಮನೆ. ಅಲ್ಲಿ ಸ್ನೋ ತಳ್ಳೋಕೆ ಜಾಗವೇ ಇರುವುದಿಲ್ಲ. ಡ್ರೈವರ್ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ತಿರುಗಿಸಿ, ಎಲ್ಲಾದರೂ ಗುಡ್ಡೆ ಹಾಕಲೇಬೇಕು. ನೆಲ ಇನ್ನೂ ಗಟ್ಟಿಯಾಗುವ ಮೊದಲೇ ಸ್ನೋ ಬಿದ್ದ ವರ್ಷ, ಅಥವಾ ಕೊನೆಯಲ್ಲಿ ನೆಲ ಕರಗಿದ ಮೇಲೆ ಬಿದ್ದಾಗ, ಬ್ಲೇಡ್ ಕರ್ಬ್ (ರಸ್ತೆ ಅಂಚಿನ ಕಟ್ಟೆ) ಹತ್ತಿದರೆ ಹುಲ್ಲು ಬೇರು ಸಮೇತ ಎದ್ದು ಬರುತ್ತದೆ. ನಮ್ಮ ಅಂಗಳದ ಅಂಚಿನಲ್ಲಿ ಹಾಗೇ ಆಗಿತ್ತು. ಗುಡ್ಡೆ ಅಡಿ ಮುಚ್ಚಿಹೋಗಿದ್ದರಿಂದ ನಾವು ನೋಡಿರಲಿಲ್ಲ.

"ಯಾರ್ನ ಕೇಳ್ದೆ?" ಅಂದರು ಅಪ್ಪ. ಯಾರನ್ನೂ ಕೇಳಿಲ್ಲ, ಮೇಲ್‌ಬಾಕ್ಸಿಗೆ ಆಗಲ್ಲ ಅಂದಿದ್ದಾರೆ, ಹುಲ್ಲಿಗೆ ಎಲ್ಲಿ ಕೇಳೋದು ಅಂದೆ. ಅಪ್ಪನಿಗೆ ಅದು ಅರ್ಥವೇ ಆಗಲಿಲ್ಲ. "ಬದ ಕಿತ್ತವ್ನು ಕಟ್ಕೊಡ್ಬೇಕು. ಕೇಳಾದೇನ್ ಜಗಳವಾ?" ಅಂದರು.

ಆ ಮಾತು ನನಗೆ ನಾಟಿತು. ಫೋನ್ ಮಾಡಿದೆ. ಎರಡೇ ನಿಮಿಷದ ಮಾತು. ವಿಳಾಸ ಬರೆದುಕೊಂಡರು. ಮೇ ತಿಂಗಳಲ್ಲಿ ಒಂದು ಚಿಕ್ಕ ಟ್ರಕ್ ಬಂತು, ಕಪ್ಪು ಮಣ್ಣು ಹಾಕಿ, ಬೀಜ ಚೆಲ್ಲಿ ಹೋದರು. ಅಪ್ಪ ದಿನಾ ನೀರು ಬಿಟ್ಟರು.

ನಮ್ಮವರಲ್ಲಿ ಎಷ್ಟು ಜನ ಹೀಗೆ ಕೇಳುವುದೇ ಇಲ್ಲ! ಈ ವರ್ಷ ಒಂದು ಮನೆಗೆ ಹೋಗಿದ್ದೆ. ಈ ದೇಶಕ್ಕೆ ಬಂದು ಎರಡು ವರ್ಷ ಆಗಿದೆ, ಮನೆ ತಗೊಂಡು ಮೊದಲ ಚಳಿಗಾಲ. ಅವರ ಮೇಲ್‌ಬಾಕ್ಸ್ ಪಕ್ಕದಲ್ಲಿ ಒಂದು ಉದ್ದ ತಗ್ಗು, ತಗ್ಗಿನಲ್ಲಿ ಕಿತ್ತಳೆ ಬಣ್ಣ ಮೆತ್ತಿಕೊಂಡಿತ್ತು. ಬ್ಲೇಡ್ ತಾಗಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅವರು ಯಾರಿಗೂ ಹೇಳಿರಲಿಲ್ಲ. "ವೀಸಾದಲ್ಲಿ ಇದೀವಿ, ಗೌರ್ಮೆಂಟ್ ಜೊತೆ ಯಾಕೆ ಸುಮ್ನೆ ಅಕ್ಕಾ" ಅಂದರು. ಕೈಯಿಂದ ದುಡ್ಡು ಹಾಕಿ ಹೊಸದು ತಂದಿಟ್ಟಿದ್ದರು. ನನಗೆ ನಿಜವಾಗಲೂ ಬೇಜಾರಾಯಿತು. ಮುರಿದ ಡಬ್ಬಿಗೆ ಒಂದು ಫಾರಂ ತುಂಬಿದರೆ ವೀಸಾಗೆ ಏನೂ ಆಗುವುದಿಲ್ಲ. ಅದಕ್ಕೆಂದೇ ಇಟ್ಟಿರುವ ಫಾರಂ ಅದು. ನಿಮ್ಮ ತೆರಿಗೆಯಿಂದಲೇ ಆ ಗಾಡಿ ಓಡುತ್ತಿದೆ.

ಮಿನ್ನೆಸೊಟದಲ್ಲಿ ಊರು ಅಥವಾ ಕೌಂಟಿಯಿಂದ ನಷ್ಟ ಕೇಳುವುದಾದರೆ, ನಷ್ಟ ಗೊತ್ತಾದ 180 ದಿನದೊಳಗೆ ಬರೆದು ತಿಳಿಸಬೇಕು ಅಂತ ಕಾನೂನಿದೆ. ಅಷ್ಟು ದಿನ ಕಾಯಬೇಡಿ. ಅವತ್ತೇ ಫೋಟೋ ತೆಗೆಯಿರಿ, ಬಿದ್ದ ಜಾಗದಲ್ಲೇ, ಎತ್ತಿಡುವ ಮೊದಲು. ಚಕ್ರದ ಗುರುತು ಇದ್ದರೆ ಅದನ್ನೂ ತೆಗೆಯಿರಿ. ಮತ್ತೆ ಸ್ನೋ ಬಿದ್ದರೆ ಗುರುತೆಲ್ಲ ಮುಚ್ಚಿಹೋಗುತ್ತದೆ. ಟೌನ್‌ಹೋಮ್‌ನಲ್ಲಿ (ಸಾಲಾಗಿ ಅಂಟಿಕೊಂಡ ಮನೆಗಳಲ್ಲಿ) ಇರುವವರಿಗೆ ಪ್ಲೋ ಮಾಡುವುದು ಸಾಮಾನ್ಯವಾಗಿ ಊರಲ್ಲ, ಅಲ್ಲಿನ ಮನೆಯವರ ಅಸೋಸಿಯೇಷನ್ ಇಟ್ಟ ಕಾಂಟ್ರಾಕ್ಟರ್. ಗರಾಜ್ ಬಾಗಿಲಿಗೋ ಕಾರಿಗೋ ಬ್ಲೇಡ್ ತಾಗಿದರೆ ಅಸೋಸಿಯೇಷನ್‌ಗೆ ಬರೆದು ಕಾಂಟ್ರಾಕ್ಟರ್‌ನ ಇನ್ಶೂರೆನ್ಸ್ ವಿವರ ಕೇಳಿ.

ಇನ್ನೊಂದು ಮಾತು. ಕರ್ಬ್ ಪಕ್ಕದ ಹುಲ್ಲನ್ನು ನಾವೇ ಕತ್ತರಿಸುತ್ತೇವೆ, ನಾವೇ ನೀರು ಹಾಕುತ್ತೇವೆ. ಆದರೆ ಅದರಲ್ಲಿ ಹಲವು ಅಡಿ ಜಾಗ ರಸ್ತೆಗೆ ಸೇರಿದ್ದು. ಅಲ್ಲಿ ನಾವು ಹೂತಿಟ್ಟ ಸ್ಪ್ರಿಂಕ್ಲರ್, ಜೋಡಿಸಿದ ಅಲಂಕಾರದ ಕಲ್ಲು ಇವುಗಳಿಗೆ ಬಹಳ ಊರುಗಳು ಹಣ ಕೊಡುವುದಿಲ್ಲ. ಅಕ್ಟೋಬರ್ ಕೊನೆಗೆ, ನೆಲ ಗಟ್ಟಿಯಾಗುವ ಮೊದಲೇ, ಅಂಚಿನ ಉದ್ದಕ್ಕೂ ಕಿತ್ತಳೆ ಕಡ್ಡಿಗಳನ್ನು ನೆಟ್ಟುಬಿಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಮೇಲ್‌ಬಾಕ್ಸ್ ತಳ ರಸ್ತೆಯಿಂದ 41ರಿಂದ 45 ಇಂಚು ಎತ್ತರ, ಬಾಗಿಲು ಕರ್ಬ್‌ನಿಂದ 6ರಿಂದ 8 ಇಂಚು ಹಿಂದೆ ಇರಬೇಕು ಅನ್ನುವುದು ಅಂಚೆ ಇಲಾಖೆಯ ಅಳತೆ. ಕಂಬವನ್ನು ಒಮ್ಮೆ ಕೈಯಲ್ಲಿ ಜೋರಾಗಿ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಜನವರಿ ದಾಟುವುದಿಲ್ಲ.

ಫೋನಿನಲ್ಲಿ ಕೂಗಾಡುವವರೂ ನಮ್ಮಲ್ಲಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಾಜ್ಯದ ಸಾರಿಗೆ ಇಲಾಖೆಯೊಂದೇ 800ಕ್ಕೂ ಹೆಚ್ಚು ಪ್ಲೋ ಗಾಡಿ ಓಡಿಸುತ್ತದೆ. ಊರು ಮತ್ತು ಕೌಂಟಿಗಳ ಗಾಡಿಗಳು ಬೇರೆ. ದೊಡ್ಡ ಸ್ನೋ ಬಿದ್ದಾಗ ಡ್ರೈವರ್‌ಗಳು ಹನ್ನೆರಡು ಗಂಟೆ ಕೂತು ಓಡಿಸುತ್ತಾರೆ. ಕಿಟಕಿ ಆಚೆ ಬರೀ ಬಿಳಿ, ಕರ್ಬ್ ಎಲ್ಲಿ ಹುಲ್ಲು ಎಲ್ಲಿ ಅಂತ ಕಾಣುವುದಿಲ್ಲ. ಅದರ ಮಧ್ಯೆ ರಸ್ತೆಯಲ್ಲಿ ನಮ್ಮ ಕಾರು ನಿಂತಿರುತ್ತದೆ. ಸಂಕ್ರಾಂತಿಗೆ ಮನೆಯಲ್ಲಿ ಊಟಕ್ಕೆ ಕರೆದಾಗ ನೆಂಟರ ಕಾರುಗಳನ್ನು ಡ್ರೈವ್‌ವೇ ಒಳಗೆ ಸೇರಿಸಿಕೊಳ್ಳಿ. ಮಿನ್ನಿಯಾಪೊಲಿಸ್‌ನಲ್ಲಿ ಸ್ನೋ ಎಮರ್ಜೆನ್ಸಿ ಹೇಳಿದರೆ ಮೂರು ದಿನ, ಯಾವ ದಿನ ರಸ್ತೆಯ ಯಾವ ಬದಿ ಕಾರು ನಿಲ್ಲಿಸಬಹುದು ಅಂತ ನಿಯಮ ಇದೆ. ಬೇರೆ ಊರುಗಳದ್ದು ಬೇರೆ ಬೇರೆ. ನಿಮ್ಮ ಊರಿನದ್ದು ತಿಳಿದುಕೊಂಡಿರಿ.

ಮತ್ತೆ, ಯಂತ್ರ ನಮ್ಮ ಕೈಯಲ್ಲೂ ಇದೆ ಅಲ್ವಾ. ಹೋದ ವರ್ಷ ಫೆಬ್ರವರಿಯಲ್ಲಿ ನಾನು ಸ್ನೋ ಬ್ಲೋವರ್ (ಸ್ನೋ ಎತ್ತಿ ದೂರ ಎಸೆಯುವ ಯಂತ್ರ) ಓಡಿಸುತ್ತಿದ್ದೆ. ಡ್ರೈವ್‌ವೇ ಅಂಚಿನ ಜಲ್ಲಿಕಲ್ಲು ಒಳಗೆ ಸಿಕ್ಕಿದೆ. ನನಗೆ ಗೊತ್ತಾಗುವಷ್ಟರಲ್ಲಿ ಟಪ್ ಅಂತ ಸದ್ದು. ಪಕ್ಕದ ಮನೆಯ ಅಜ್ಜಿಯ ಕಿಟಕಿಯಲ್ಲಿ ಜೇಡರ ಬಲೆಯ ಹಾಗೆ ಬಿರುಕು. ಯಾರೂ ನೋಡಿರಲಿಲ್ಲ. ಅಜ್ಜಿ ಒಬ್ಬರೇ ಇರುವುದು, ಕಿವಿ ಸ್ವಲ್ಪ ಮಂದ. ಯಂತ್ರ ಆರಿಸಿ ಒಂದು ನಿಮಿಷ ಹಾಗೇ ನಿಂತೆ. ಒಳಗೆ ಹೋಗಿಬಿಡಬಹುದಿತ್ತು. ಆ ಯೋಚನೆ ನನಗೂ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹೋಗಿ ಬಾಗಿಲು ತಟ್ಟಿದೆ. ಅಜ್ಜಿ ರಟ್ಟು, ಟೇಪು ತಂದರು. ಇಬ್ಬರೂ ಸೇರಿ ಅಂಟಿಸಿದೆವು. ವಾರದಲ್ಲಿ ಹೊಸ ಗಾಜು ಹಾಕಿಸಿಕೊಟ್ಟೆ. ಈಗ ಅಂಚಿನ ಹತ್ತಿರ ಬಂದರೆ ಬ್ಲೋವರ್‌ನ ಬಾಯಿಯನ್ನು ನಮ್ಮ ಅಂಗಳದ ಕಡೆಗೇ ತಿರುಗಿಸುತ್ತೇನೆ, ಮುಂದಿನ ಭಾಗವನ್ನು ಸ್ವಲ್ಪ ಎತ್ತಿ ಹಿಡಿಯುತ್ತೇನೆ. ಒಳಗೆ ಏನಾದರೂ ಸಿಕ್ಕಿಕೊಂಡರೆ ಎಂಜಿನ್ ಪೂರ್ತಿ ಆರಿಸಿ ಕೋಲಿನಿಂದಲೇ ತೆಗೆಯಿರಿ. ಕೈ ಹಾಕಲೇಬೇಡಿ. ಗಾಜು ಹೊಸದು ಸಿಗುತ್ತದೆ, ಬೆರಳು ಸಿಗುವುದಿಲ್ಲ.

ಈ ಸಲವೂ ನಮ್ಮ ಅಂಚಿನಲ್ಲಿ ಒಂದು ಮಾರು ಉದ್ದ ಹುಲ್ಲು ಎದ್ದಿದೆ. ಮೊನ್ನೆ ಸೋಮವಾರ ಫೋನ್ ಮಾಡಿ ಪಟ್ಟಿಯಲ್ಲಿ ಹೆಸರು ಸೇರಿಸಿದ್ದೇನೆ. ಅಪ್ಪನಿಗೂ ಫೋಟೋ ಕಳಿಸಿದೆ. ಮೇ ಮೊದಲ ವಾರಕ್ಕೆ ಟಿಕೆಟ್ ಆಗಿದೆ. ಬೀಜ ಹಾಕುವಷ್ಟರಲ್ಲಿ ಬಂದಿರುತ್ತೇನೆ, ನೀರು ನಾನೇ ಬಿಡುತ್ತೇನೆ ಅಂದಿದ್ದಾರೆ.